ಎಂದರೆ ಸರಿ

ಸಂಜೆ ಆರೂಕಾಲು. ಚಪ್ಪಲಿ ಬಿಟ್ಟ ಕಾಲಿಗೆ
ಮೆಟ್ಟಿಲ ಕಲ್ಲು ಇನ್ನೂ ಚುರುಕೆನ್ನುತ್ತದೆ.
ದುರ್ಗದ ಕಲ್ಲು ಹಾಗೇ,
ಹಗಲು ಕುಡಿದ ಬಿಸಿಲನ್ನು
ರಾತ್ರಿ ಹತ್ತರವರೆಗೂ ನುಂಗದೆ
ಬಾಯಲ್ಲೇ ಇಟ್ಟುಕೊಂಡಿರುತ್ತದೆ.

ನಾನೂ ಇಟ್ಟುಕೊಂಡು ಬಂದಿದ್ದೇನೆ,
ಬಾಯಲ್ಲಲ್ಲ, ಬೆರಳಲ್ಲಿ.
ಹನ್ನೊಂದರಿಂದ ಐದೂಮುಕ್ಕಾಲರವರೆಗೆ
ಸಾಕ್ಷಿ ಹೇಳಿದ್ದು, ಸಾಹೇಬರು ಹೇಳಿಸಿದ್ದು
ಎಲ್ಲವನ್ನೂ ಟಕಟಕ ಒತ್ತಿದ ಬೆರಳು:
ಸದರಿ ರಾತ್ರಿ ನಾನು ಹೊಸ್ತಿಲ ಹೊರಗೆ ಮಲಗಿದ್ದೆ ಎಂದರೆ ಸರಿ.
ಬಾಗಿಲು ತಟ್ಟಲಿಲ್ಲ ಎಂದರೆ ಸರಿ.
ಇದೆಲ್ಲ ಕಟ್ಟಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.

ಕೊನೆಯ ಸಾಲಿಗೆ ಆ ಹೆಂಗಸಿನ ದನಿ ತಗ್ಗಿತು.
ತಗ್ಗಿದ ದನಿಗೆ ನನ್ನ ಕೀಲಿಮಣೆಯಲ್ಲಿ
ಅಕ್ಷರವಿಲ್ಲ.

ಅದಕ್ಕೇ ಹಿಟ್ಟು.

ಒಂದೂವರೆ ಬಟ್ಟಲು ಮೈದಾ, ಜರಡಿ ಹಿಡಿದು.
ಕಂಡಕ್ಟರ್ ಓಬಳೇಶ ದಾವಣಗೆರೆಯಿಂದ
ಎಲೆಯಲ್ಲಿ ಸುತ್ತಿ ತಂದುಕೊಟ್ಟ ಬೆಣ್ಣೆ
(ದಾರಿಯಲ್ಲಿ ಕರಗಿ ಟಿಕೆಟ್ ಚೀಲಕ್ಕೂ ಒಂದು ಪಾಲು).
ಚಳ್ಳಕೆರೆ ಶೇಂಗಾ, ಹುರಿದು, ಸಿಪ್ಪೆ ಊದಿ,
ಒರಳಲ್ಲಿ ತರಿತರಿ.
ಏಲಕ್ಕಿ ಎರಡೇ. ಮೂರನೆಯದು ಬಿದ್ದರೆ
ಯಾರದೋ ಮದುವೆಯ ಪಾಯಸ ನೆನಪಾಗುತ್ತದೆ.
ಬೆಣ್ಣೆ ಸಕ್ಕರೆಯನ್ನು ಅಂಗೈಬುಡದಲ್ಲಿ
ಬೆಳ್ಳಗಾಗುವವರೆಗೆ ಉಜ್ಜಬೇಕು.
ರಟ್ಟೆ ನೋಯುತ್ತದೆ. ನೋಯಲಿ,
ಇದೊಂದು ನೋವು ನನ್ನದೇ,
ಯಾರ ಹೇಳಿಕೆಯೂ ಅಲ್ಲ.

ಓವನ್ನಿಲ್ಲ. ದಪ್ಪ ತಳದ ಬಾಣಲೆ,
ಮಾರಕ್ಕನ ಮಂಡಕ್ಕಿ ಭಟ್ಟಿಯಲ್ಲಿ ಕೇಳಿ ತಂದ ಮರಳು.
"ಕೋರ್ಟ್‌ನೋರಿಗೆ ಮರಳ್ಯಾಕವ್ವ?" ಅಂದಿದ್ದಳು.
ಬಿಸ್ಕತ್ತು ಸುಡಾಕೆ ಅಂದಿದ್ದಕ್ಕೆ
ಸೆರಗು ಬಾಯಿಗಿಟ್ಟು ನಕ್ಕು ನಕ್ಕು
ಎರಡು ಬೊಗಸೆ ಜಾಸ್ತಿಯೇ ಸುರಿದಳು.
ಮೊದಲ ಸಲ ತಳ ಹತ್ತಿ, ಮೇಲೆ ಹಸಿ.
ಎರಡನೇ ಸಲ ಇಡೀ ಓಣಿಗೇ ಹೊಗೆ.
ಈಗ ಮರಳಿನ ವಾಸನೆಯಲ್ಲೇ ಹದ ತಿಳಿಯುತ್ತದೆ.

ನಿಂಬೆಗಾತ್ರದ ಉಂಡೆ.
ನಡುವೆ ಹೆಬ್ಬೆಟ್ಟಿನಿಂದ ಒಂದು ಗುಳಿ.

ಅಲ್ಲೇ ಕೈ ನಿಂತಿತು.
ಇವತ್ತು ಅವಳೂ ಹಾಳೆಯ ಬುಡದಲ್ಲಿ
ಹೀಗೇ ಒತ್ತಿದ್ದಳು, ಶಾಯಿಡಬ್ಬಿ ಹಿಡಿದಿದ್ದವಳು ನಾನು.
ಒರೆಸಿಕೊಳ್ಳಲು ನನ್ನಲ್ಲೂ ಏನೂ ಇರಲಿಲ್ಲ.
ನೇರಳೆ ಬೆರಳನ್ನು ತಲೆಗೂದಲಿಗೆ ಉಜ್ಜಿಕೊಂಡು
"ನಾನಿನ್ನು ಹೋಗಲೇನ್ರಿ?" ಅಂತ
ಸಾಹೇಬರನ್ನಲ್ಲ, ನನ್ನನ್ನು ಕೇಳಿದಳು.

ಹತ್ತೊಂಬತ್ತಕ್ಕೆ ಮತ್ತೆ ವಾಯಿದೆ.
ಸಾಕ್ಷಿಗೆ ನಾವು ಏನನ್ನೂ ಕೊಡುವಂತಿಲ್ಲ,
ಒಂದು ಬಿಸ್ಕತ್ತನ್ನೂ.
ಗೊತ್ತಿದ್ದೂ ಒಂದು ಉಂಡೆ ಹೆಚ್ಚಿಗೆ ಕಟ್ಟಿದೆ.

ಮುಚ್ಚಳ ಮುಚ್ಚಿ ಹದಿನೆಂಟು ನಿಮಿಷ.
ಕಿಟಕಿಯಾಚೆ ಗುಡ್ಡದ ಸಾಲಿನ ಮೇಲೆ
ಗಾಳಿಯಂತ್ರದ ಕೆಂಪು ದೀಪಗಳು
ಒಂದಾದ ಮೇಲೊಂದು ಕಣ್ಣು ಮಿಟುಕಿಸುತ್ತವೆ.
ವಾಸನೆ ಮೆಟ್ಟಿಲಿಳಿದು ಹೋಗಿ
ಕೆಳಮನೆಯ ಜಬೀನಳನ್ನು ಕೈಹಿಡಿದು ಕರೆತರುತ್ತದೆ,
ಮಗ್ಗಿಪುಸ್ತಕದ ಸಮೇತ.

"ಮೆತ್ತಗೈತೆ ಆಂಟಿ, ಬೆಂದಿಲ್ಲ."
ಬೆಂದೈತೆ. ಆರಬೇಕು.
"ಆರಿದ್ರೆ?"
ಗಟ್ಟಿಯಾಗ್ತೈತೆ.
"ಬಿಸಿ ಇದ್ದಾಗ ಯಾಕಿಲ್ಲ?"

ಹನ್ನೆರಡು ವರ್ಷ ಪಾಟೀಸವಾಲು ಬೆರಳಚ್ಚು ಮಾಡಿದ್ದೇನೆ,
ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.
ಇಬ್ಬರೂ ಮೆಟ್ಟಿಲ ಕಲ್ಲಿನ ಮೇಲೆ ಕೂತು
ಆರದಿದ್ದದ್ದನ್ನೇ ಮುರಿದು ತಿಂದೆವು,
ಪುಡಿ ಉದುರಿ ಹದಿಮೂರರ ಮಗ್ಗಿಯ ಮೇಲೆ ಬಿತ್ತು.
ನಾಲಿಗೆ ಸುಟ್ಟಿತು, ಬೆಣ್ಣೆ ಗಂಟಲಿಗೆ ಇಳಿಯಿತು,
ಎಷ್ಟೋ ಹೊತ್ತಿನ ಮೇಲೆ
ಬೆರಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು,
ಏನನ್ನೂ ಒತ್ತದೆ.

ದುಃಖ ಹೋಯಿತು ಎಂದರೆ ಸರಿಯಲ್ಲ.
ಡಬ್ಬಿಯಲ್ಲಿ ಇನ್ನೂ ಹದಿನೇಳು ಇವೆ ಎಂದರೆ ಸರಿ.

ಬಾಣಲೆಯ ಮರಳು ಬಿಸಿ ಐತೆ,
ಮುಟ್ಟಬೇಡ ಅಂದೆ ಜಬೀನಳಿಗೆ.
ಮುಟ್ಟಿದಳು.